ಬಂಡಿಮನೆಗೆ ಎರಡು ಟೈರು

ಬಲಗಡೆಯ ಟೈರಿನ ರಬ್ಬರು ಸವೆದು ಒಳಗಿನ ಕ್ಯಾನ್‌ವಾಸು ಕಾಣಿಸಿಕೊಂಡದ್ದು ಅರಕಲಗೂಡಿನಲ್ಲಿ, ಆಷಾಢದ ಒಂದು ಮಂಗಳವಾರ. ಇಸವಿ ಸಾವಿರದ ಒಂಬೈನೂರ ನಲವತ್ತಮೂರು. ದಿನಾ ಬೆಳಿಗ್ಗೆ ಆರು ಗಂಟೆಗೆ ಗಾಡಿಯ ಸುತ್ತ ಒಂದು ಸುತ್ತು ಬರುವುದು ನನ್ನ ನಿಯಮ. ಎಡ ಚಕ್ರದಿಂದ ಶುರು, ಮುಂದಿನ ಕೊಂಡಿಯಲ್ಲಿ ಮುಕ್ತಾಯ. ನೋಡಿದರೆ ಸಾಲದು, ಮುಟ್ಟಬೇಕು. ಅಂದು ಬಲ ಟೈರಿನ ಮೇಲೆ ಅಂಗೈ ಆಡಿಸಿದಾಗ ರಬ್ಬರಿನ ನಡುವೆ ಒರಟು ನೂಲು ತಗಲಿತು. ಎಡದ್ದನ್ನು ಮತ್ತೊಮ್ಮೆ ನೋಡಿದೆ. ಅದು ಇನ್ನೊಂದು ತಿಂಗಳು ಬಂದೀತು, ಅಷ್ಟೆ.

ಗಾಡಿ ಎಂದರೆ ಎರಡು ಚಕ್ರದ ಟ್ರೈಲರು. ಹಾಸನದ ಬಡಗಿಯೊಬ್ಬ ತೇಗದ ಚೌಕಟ್ಟು ನಿಲ್ಲಿಸಿ, ತಗಡು ಹೊದಿಸಿ ಕಟ್ಟಿಕೊಟ್ಟದ್ದು. ಒಳಗೆ ಹೆರಿಗೆಯ ಮೇಜು, ಸಲಕರಣೆ ಕುದಿಸುವ ಹಂಡೆ, ಔಷಧದ ಕಪಾಟು, ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುವ ನಮ್ಮ ಡಾಕ್ಟರಮ್ಮ ಮಲಗುವ ಹಲಗೆ. ಒಂದು ಹಳೆಯ ಲಾರಿ ಅದನ್ನು ಎಳೆಯುತ್ತಿತ್ತು. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಲಾರಿಯ ಬೆನ್ನಿಗೆ ಇದ್ದಿಲು ಉರಿಸಿ ಗ್ಯಾಸು ತೆಗೆಯುವ ಪೀಪಾಯಿ ಕಟ್ಟಿದ್ದೆವು. ಸೋಮವಾರ ಹಾಸನ ಬಿಟ್ಟು ಅರಕಲಗೂಡು, ಬುಧವಾರ ಹೊಳೆನರಸೀಪುರ, ಗುರುವಾರ ದಂಡಿಗನಹಳ್ಳಿ ಕಡೆಯ ಹಳ್ಳಿಗಳು, ಶುಕ್ರವಾರ ಚನ್ನರಾಯಪಟ್ಟಣ, ಶನಿವಾರ ವಾಪಸು ಹಾಸನದ ಶೆಡ್ಡಿಗೆ. ಹಳ್ಳಿಯವರು ಅದನ್ನು ಡಾಕ್ಟರಮ್ಮನ ಬಂಡಿಮನೆ ಎನ್ನುತ್ತಿದ್ದರು. ನಮ್ಮ ಆಸ್ಪತ್ರೆಯ ಗಾಡಿಗಳ ಉಸ್ತುವಾರಿ ನನ್ನದು.

ನನ್ನನ್ನು ಎಲ್ಲರೂ ಜಮಾದಾರರು ಎಂದೇ ಕರೆಯುತ್ತಿದ್ದರು. ಮೊದಲು ನಾನಿದ್ದದ್ದು ಕುದುರೆ ಲಾಯದಲ್ಲಿ. ಅಲ್ಲಿಂದ ತಂದದ್ದು ಎರಡೇ: ಆ ಹೆಸರು ಮತ್ತು ಶನಿವಾರದ ಪಟ್ಟಿ. ಲಾಯದಲ್ಲಿ ಪ್ರತಿ ಶನಿವಾರ ಜೀನು, ಲಗಾಮು, ಬಾರು ಎಲ್ಲವನ್ನೂ ತೊಳೆದು, ನೆರಳಲ್ಲಿ ಒಣಗಿಸಿ, ಎಣ್ಣೆ ತಿಕ್ಕಿ ಗೂಟಕ್ಕೆ ಹಾಕಬೇಕು. ಎಣ್ಣೆ ಕಾಣದ ತೊಗಲು ಕುದುರೆಯ ಬೆನ್ನು ಕೊಯ್ಯುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಹರಿದು ಸವಾರನನ್ನು ಕೆಡವುತ್ತದೆ. ಆ ಪಟ್ಟಿಯನ್ನು ನಾನು ಮೋಟಾರು ಶೆಡ್ಡಿಗೂ ತಂದು ಗೋಡೆಗೆ ಹಚ್ಚಿದ್ದೆ. ಜೀನು ಇದ್ದ ಜಾಗದಲ್ಲಿ ಟೈರು ಎಂದು ಬರೆದೆ.

ಕ್ಯಾನ್‌ವಾಸು ಕಂಡ ದಿನವೇ ಡಾಕ್ಟರಮ್ಮನಿಗೆ ತಿಳಿಸಿದೆ. ಅವರು ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. ಆಮೇಲೆ ಹೇಳಿದರು: ದಂಡಿಗನಹಳ್ಳಿಯ ಆಚೆ ಒಂದು ಹಳ್ಳಿಯಲ್ಲಿ ಬಸುರಿಯೊಬ್ಬಳಿದ್ದಾಳೆ, ಎರಡು ಸಲ ಹೆರಿಗೆಯಲ್ಲೇ ಮಗು ಹೋಗಿದೆ. ಈಗ ಮೂರನೆಯದು. ಮಾರ್ಗಶಿರಕ್ಕೆ ದಿನ ತುಂಬುತ್ತದೆ. ಮಗು ಅಡ್ಡ ನಿಲ್ಲುವ ಮೈ ಅವಳದು, ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು ಹೋಗಬಾರದು. ಬೇರೆ ದಾರಿಯೇ ಇಲ್ಲದ ದಿನ ಚನ್ನರಾಯಪಟ್ಟಣಕ್ಕೆ ಹೋಗಲಿ. ಬುಧವಾರ ರಾತ್ರಿ ನೋವು ಬಂದರೆ ಮಾತ್ರ ಕದಲದೆ ಮನೆಯಲ್ಲೇ ಇರಲಿ, ಗುರುವಾರ ಬೆಳಿಗ್ಗೆ ಎಂಟಕ್ಕೆ ಬಂಡಿಮನೆ ಅವಳ ಬಾಗಿಲಲ್ಲಿರುತ್ತದೆ.

“ಹಾಗಂತ ನಾನು ಅವಳಿಗೆ ಮಾತು ಕೊಟ್ಟಿದ್ದೀನಿ ಜಮಾದಾರರೇ. ಮಾತು ಕೊಟ್ಟವಳು ನಾನು, ಉಳಿಸಬೇಕಾದ್ದು ನಿಮ್ಮ ಟೈರು.”

ರಬ್ಬರು ಬೆಳೆಯುವ ಮಲಯ ದೇಶ ಜಪಾನಿನ ಕೈಗೆ ಬಿದ್ದ ಮೇಲೆ ರಬ್ಬರು ಬಂಗಾರವಾಗಿತ್ತು. ಹಾಸನದ ಕಚೇರಿಯಲ್ಲಿ ನಾಲ್ಕು ದಿನ ಬೆಂಚು ಕಾದ ಮೇಲೆ ಎರಡು ಟೈರು ಕೊಳ್ಳಲು ಪರ್ಮಿಟ್ಟು ಸಿಕ್ಕಿತು. ಎರಡೇ. ಟೈರನ್ನು ಅವರು ಕೊಡುವುದಿಲ್ಲ, ಎಲ್ಲಿದೆಯೋ ಹುಡುಕಿಕೊಳ್ಳಬೇಕು. ಆರಿಸುವುದರಲ್ಲಿ ತಪ್ಪಿದರೆ ಮತ್ತೆ ಒಂದು ವರ್ಷ ಕೇಳುವಂತಿಲ್ಲ.

ಮೊದಲು ನೋಡಿದ್ದು ಚನ್ನರಾಯಪಟ್ಟಣದ ಬಸ್ಸಿನ ಮಾಲೀಕರ ಬಳಿ ಇದ್ದ ಜೋಡಿ. ಹಳೆಯ ಟೈರಿಗೆ ಹೊಸ ರಬ್ಬರು ಹೊದಿಸಿದ್ದು. ಕಣ್ಣಿಗೆ ಹೊಸದೇ. ನಾನು ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲಕ್ಕೂ ತಟ್ಟುತ್ತ ಹೋದೆ. ಒಂದು ಗೇಣು ಜಾಗದಲ್ಲಿ ಸದ್ದು ಸತ್ತಿತ್ತು. ಹೊದಿಸಿದ ರಬ್ಬರು ಅಲ್ಲಿ ಒಳಗಿನ ಬಟ್ಟೆಯನ್ನು ಬಿಟ್ಟಿದೆ ಎಂದು ಅರ್ಥ. ಮಾಲೀಕರು, ಅದೇ ಟೈರಿನ ಅಣ್ಣತಮ್ಮಂದಿರು ನನ್ನ ಬಸ್ಸಿನಲ್ಲಿ ದಿನಾ ಓಡುತ್ತಿವೆ ಎಂದರು. ಬಸ್ಸಿಗೆ ಆರು ಟೈರು, ಒಂದು ಹೋದರೆ ಐದಿವೆ. ನನ್ನ ಗಾಡಿಗೆ ಇರುವುದೇ ಎರಡು ಎಂದು ಹೇಳಿ ಎದ್ದುಬಂದೆ.

ಅರಕಲಗೂಡಿನಲ್ಲಿ ಮರ ಸಾಗಿಸುವ ಲಾರಿಯಿಂದ ಬಿಚ್ಚಿದ ಒಂದು ಜೋಡಿ ಇತ್ತು. ಒಳಗಿನ ಬಟ್ಟೆಯ ಪದರ ಎಣಿಸಿದೆ; ಒಂದಕ್ಕೆ ಹತ್ತು, ಇನ್ನೊಂದಕ್ಕೆ ಎಂಟು. ಒಂದೇ ಅಚ್ಚಿಗೆ ಬಿಗಿ ಒಂದು, ಸಡಿಲ ಒಂದು ಹಾಕಿದರೆ ಗಾಡಿ ಯಾವಾಗಲೂ ಒಂದು ಕಡೆಗೆ ವಾಲುತ್ತದೆ, ಒಳಗಿನ ಹಂಡೆ ಚೆಲ್ಲುತ್ತದೆ. ಅದನ್ನೂ ಬಿಟ್ಟೆ.

ಮೂರನೆಯದು ಹೊಳೆನರಸೀಪುರದಲ್ಲಿ. ಅಲ್ಲಿನ ತೆಂಗಿನಕಾಯಿ ಮಂಡಿಯ ಸಾಹುಕಾರರು ಯುದ್ಧಕ್ಕೆ ಮುಂಚೆ ಲಾರಿ ಕೊಳ್ಳಬೇಕೆಂದು ಮೊದಲು ಟೈರು ತಂದಿಟ್ಟುಕೊಂಡರಂತೆ; ಲಾರಿ ಬರಲೇ ಇಲ್ಲ. ಮಂಡಿಯ ಕೊಬ್ಬರಿ ಇದ್ದದ್ದು ಅಟ್ಟದ ಮೇಲೆ. ಟೈರು ಕೆಳಗಿನ ಕತ್ತಲೆ ಕೋಣೆಯಲ್ಲಿ, ಗೋಣಿ ಸುತ್ತಿ, ಮರದ ಹಲಗೆಯ ಮೇಲೆ ನಿಲ್ಲಿಸಿದ್ದರು. ಮಲಗಿಸಿರಲಿಲ್ಲ, ನಿಲ್ಲಿಸಿದ್ದರು. ಅದನ್ನು ನೋಡಿಯೇ ಅರ್ಧ ಮನಸ್ಸು ಒಪ್ಪಿತು. ಹೊರಗೆ ಬೆಳಕಿಗೆ ತಂದು ಟೈರಿನ ಪಕ್ಕವನ್ನು ಬಾಗಿಸಿದೆ. ಸೀಳು ಇಲ್ಲ. ಉಗುರು ಊರಿದೆ. ಊರಿದ ಗುರುತು ಕೂಡಲೇ ಮಾಯ. ಅಂಚಿನ ತಂತಿ ದುಂಡಗಿತ್ತು. ಒಳಗೆ ಕೈ ಹಾಕಿ ಪೂರ್ತಿ ಸುತ್ತು ಸವರಿದೆ, ಒಂದು ನೂಲೂ ಎದ್ದಿರಲಿಲ್ಲ. ಟ್ಯೂಬು ಹಾಕಿ ಗಾಳಿ ತುಂಬಿ, ಕಾಯಿ ಮೂಟೆ ಹೇರಿದ ಅಚ್ಚಿಗೆ ಒಂದು ಹಗಲು ಒಂದು ರಾತ್ರಿ ಹಾಕಿ ನಿಲ್ಲಿಸಿದೆ. ಮರುದಿನ ದಾರದಿಂದ ಅಳೆದರೆ ಒಂದು ಕೂದಲು ಹೆಚ್ಚಿಲ್ಲ, ಕಡಿಮೆ ಇಲ್ಲ. ಇಂಥ ಟೈರು ಆ ವರ್ಷ ಜಿಲ್ಲೆಯಲ್ಲೇ ಇನ್ನೊಂದು ಜೋಡಿ ಇತ್ತೆಂದು ನನಗೆ ನಂಬಿಕೆಯಿಲ್ಲ.

ಸಾಹುಕಾರರ ಸೊಸೆಗೆ ಹಿಂದಿನ ವರ್ಷ ಹೆರಿಗೆ ಮಾಡಿಸಿದ್ದು ನಮ್ಮ ಡಾಕ್ಟರಮ್ಮ. “ಬಸ್ಸಿನೋರು ಮೂರು ಕಿತ ಬಂದು ಕೇಳುದ್ರು ಸ್ವಾಮಿ, ಕೊಡ್ನಿಲ್ಲ. ಬಂಡಿಮನೆಗೆ ಅಂದ್ರೆ ಬ್ಯಾರೆ ಮಾತು. ತಗಂಡೋಗಿ” ಎಂದರು ಸಾಹುಕಾರರು. ಪ್ರತಿ ಬುಧವಾರ ನಮ್ಮ ಗಾಡಿ ನಿಲ್ಲುತ್ತಿದ್ದದ್ದೂ ಅವರ ಮಂಡಿಯ ಅಂಗಳದಲ್ಲೇ.

ಮುಂದಿನ ಮಂಗಳವಾರ ಅರಕಲಗೂಡಿನಲ್ಲಿ ಹೊಸ ಜೋಡಿಯನ್ನು ಮೆಟ್ಟಿನವನಿಗೆ ತೋರಿಸಿದೆ. ಬಸ್ಸು ನಿಲ್ಲುವಲ್ಲಿ ಮರದ ಕೆಳಗೆ ಕೂತು ಚಪ್ಪಲಿ ಹೊಲಿಯುವ ಮುದುಕ. ಟೈರಿನ ಒಳಗೆ ತೇಪೆ ಕೂರಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ. ನಮ್ಮ ಕೆಲಸವನ್ನೆಲ್ಲ ಅವನಿಂದಲೇ ಮಾಡಿಸುತ್ತಿದ್ದೆ. ಟೈರನ್ನು ನೆಲದ ಮೇಲಿಟ್ಟು ನಾನು ಒಂದು ಮಾರು ಹಿಂದೆ ಸರಿಯುತ್ತಿದ್ದೆ, ಆಮೇಲೆ ಅವನು ಬಂದು ಎತ್ತಿಕೊಳ್ಳುತ್ತಿದ್ದ. ಅವನು ಕೆಲಸ ಮುಗಿಸಿ ನೆಲಕ್ಕಿಟ್ಟ ಮೇಲೆ ನಾನು ಒಂದು ಚೆಂಬು ನೀರು ಸುರಿದು ಮುಟ್ಟುತ್ತಿದ್ದೆ. ಆಗ ಅದೂ ಒಂದು ಕ್ರಮವೆಂದೇ ನಡೆಸಿದೆ.

ಅವನು ಟೈರನ್ನು ಬೆರಳ ಗೆಣ್ಣಿನಿಂದ ತಟ್ಟಿ, ಮಾಲು ಚೆನ್ನಾಗಿದೆ ಎಂದ. ಅಷ್ಟರಲ್ಲಿ ನಮ್ಮ ಲಾರಿಯ ಡ್ರೈವರು ನನ್ನ ಎಣ್ಣೆ ಡಬ್ಬಿಯನ್ನು ಪಕ್ಕಕ್ಕೆ ತಂದಿಟ್ಟಿದ್ದ. ಹೊಂಗೆ ಎಣ್ಣೆ, ಹರಡಲಿ ಎಂದು ಸ್ವಲ್ಪ ಸೀಮೆಎಣ್ಣೆ, ಬಣ್ಣಕ್ಕೆ ದೀಪದ ಮಸಿ. ಮುದುಕ ಅದೇನೆಂದು ಕೇಳಿದ. ಡ್ರೈವರು ಹೇಳಿದ.

“ಎಣ್ಣೆ ಸೋಕಿಸ್ಬ್ಯಾಡಿ ಬುದ್ದಿ,” ಎಂದ ಮುದುಕ. “ತೊಗಲು ದನದ್ದು, ಎಣ್ಣೆ ಕುಡುದ್ರೆ ಬಾಳ್ತದೆ. ಇದು ಮರದ ಹಾಲು ಕಣಿ. ಎಣ್ಣೆ ಕುಡುದ್ರೆ ತಿರ್ಗ ಹಾಲಾಯ್ತದೆ.”

“ನಿನ್ನಂಥವನ ಹತ್ತಿರ ನಾನು ಎಣ್ಣೆ ಹಚ್ಚೋದು ಕಲೀಬೇಕೇನಯ್ಯಾ? ನಾನು ತೊಗಲು ಕಾಪಾಡಿದವನು, ನೀನು ಕೊಯ್ಯೋನು” ಎಂದೆ.

ಡ್ರೈವರು ನಕ್ಕ. ಮುದುಕನೂ ನಕ್ಕ, ನಗಬೇಕಾಗಿತ್ತು. ನಾನು ನೀರು ಸುರಿದು ಟೈರು ಎತ್ತಿಕೊಂಡೆ.

ಅಲ್ಲಿಂದ ಮುಂದೆ ಒಂದು ಶನಿವಾರವೂ ತಪ್ಪಲಿಲ್ಲ. ಚಕ್ರ ಬಿಚ್ಚಿ, ತೊಳೆದು, ಒಣಗಿಸಿ, ಹೊರಗೆ ಎಣ್ಣೆ. ಹದಿನೈದು ದಿನಕ್ಕೊಮ್ಮೆ ಟೈರನ್ನೂ ಬಿಚ್ಚಿ, ಅಂಚು ತುಕ್ಕು ಹಿಡಿದು ಕಚ್ಚಿಕೊಳ್ಳಬಾರದೆಂದು ಒಳಗೂ ಎಣ್ಣೆ. ಹಳೆಯ ಎಡ ಟೈರಿಗೆ ಒಳತೇಪೆ ಹಾಕಿಸಿ ಸ್ಪೇರು ಮಾಡಿದ್ದೆ, ಅದಕ್ಕೂ ಎಣ್ಣೆ. ನನ್ನ ಹೆಂಡತಿಗೆ ಜ್ವರ ಬಂದ ಶನಿವಾರವೂ ಶೆಡ್ಡಿಗೆ ಹೋಗಿ ಎಣ್ಣೆ ಹಚ್ಚಿ ಬಂದೆ. ಆಯುಧಪೂಜೆಯ ದಿನ ಹಾಸನದಲ್ಲಿ ಸಾಲಾಗಿ ನಿಂತ ಗಾಡಿಗಳಲ್ಲಿ ನಮ್ಮ ಟೈರಿನಷ್ಟು ಕರ್ರಗೆ ಮಿಂಚಿದ್ದು ಇನ್ನೊಂದಿಲ್ಲ. ಆಸ್ಪತ್ರೆಯ ದೊಡ್ಡವರು ಬಂದು, ಹೀಗೆ ಇಡಬೇಕು ಗಾಡಿ ಎಂದು ನಾಲ್ಕು ಜನರ ಎದುರಿಗೆ ಹೇಳಿದರು.

ಕಾರ್ತಿಕದಲ್ಲಿ ಟೈರಿನ ಪಕ್ಕ ಮೆತ್ತಗಾಯಿತು. ಹೆಬ್ಬೆರಳು ಒತ್ತಿದರೆ ಗುರುತು ನಿಲ್ಲುತ್ತಿತ್ತು. ಕೊಳ್ಳುವಾಗ ಉಗುರಿನ ಗುರುತು ಮಾಯವಾದದ್ದನ್ನು ಕಂಡು ಮೆಚ್ಚಿದವನು ನಾನೇ. ಈಗ ಗುರುತು ನಿಂತದ್ದನ್ನು ಕಂಡೂ ಮೆಚ್ಚಿದೆ. ಲಾಯದಲ್ಲಿ ಚೆನ್ನಾಗಿ ಎಣ್ಣೆ ಉಂಡ ತೊಗಲಿನ ಲಕ್ಷಣ ಅದೇ. ಡ್ರೈವರು ಒಮ್ಮೆ, “ಟೈರು ಯಾಕೋ ಕೊಬ್ದಂಗೆ ಕಾಣ್ತದಲ್ಲ ಸಾ” ಎಂದ. ಕೊಬ್ಬಿರುವುದು ನೀನು ಎಂದು ಬಾಯಿ ಮುಚ್ಚಿಸಿದೆ.

ಮಾರ್ಗಶಿರ ಬಂತು. ಎರಡು ಗುರುವಾರ ಎಂಟಕ್ಕೆ ಸರಿಯಾಗಿ ಆ ಹಳ್ಳಿಯಲ್ಲಿದ್ದೆವು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಮಗು ಅಡ್ಡಲಾಗಿದೆ, ನೋವು ಬಂದ ಹೊತ್ತಿಗೆ ನಾನಿದ್ದರೆ ತಿರುಗಿಸಬಲ್ಲೆ ಎಂದು ಮನೆಯವರಿಗೆ ಬಿಡಿಸಿ ಹೇಳಿದರು. ಮೂರನೆಯ ಬುಧವಾರ ಹೊಳೆನರಸೀಪುರದಲ್ಲಿ ತಂಗಿದ್ದೆವು. ಸಂಜೆ ಆ ಹಳ್ಳಿಯಿಂದ ಸೈಕಲ್ಲಿನಲ್ಲಿ ಒಬ್ಬ ಬಂದು, ನೋವು ಶುರುವಾಗಿದೆ, ಸಣ್ಣಗಿದೆ ಎಂದ. ಇದ್ದಿಲ ಲಾರಿಗೆ ಆ ದಾರಿ ಕತ್ತಲಲ್ಲಿ ಆಗದು. ಡಾಕ್ಟರಮ್ಮ, ಅವಳನ್ನು ಕದಲಿಸಬೇಡಿ, ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಎಂದು ಹೇಳಿ ಕಳಿಸಿದರು. ಆಮೇಲೆ ನನ್ನ ಮುಖ ನೋಡಿದರು. ಬರುತ್ತೇವಮ್ಮ ಎಂದೆ.

ಆರಕ್ಕೆ ಹೊರಟೆವು. ದಾರಿ ಅರ್ಧಕ್ಕಿಂತ ಹೆಚ್ಚು ಸಾಗಿತ್ತು, ಇನ್ನು ಐದು ಮೈಲಿ. ಒಂದು ಮೋರಿ ದಾಟುವಾಗ ಹಿಂದಿನಿಂದ ಒದ್ದೆ ಬಟ್ಟೆ ಒಗೆದಂಥ ಸದ್ದು ಬಂತು, ಆಮೇಲೆ ಗಾಡಿ ಎಡಕ್ಕೆ ಕುಸಿಯಿತು. ಇಳಿದು ನೋಡಿದೆ. ಎಡ ಟೈರಿನ ಮೇಲ್ಪದರ ಬಾಳೆಪಟ್ಟೆಯ ಹಾಗೆ ಸುಲಿದುಬಂದು ಅಚ್ಚಿಗೆ ಸುತ್ತಿಕೊಂಡಿತ್ತು. ಟ್ಯೂಬು ಒಡೆದದ್ದಲ್ಲ, ಕರಗಿ ಹರಿದ ಹಾಗಿತ್ತು. ಗಂಟೆ ಏಳೂಕಾಲು.

ಡಾಕ್ಟರಮ್ಮ ಆಗಲೇ ಚೀಲ ಹಿಡಿದು ಇಳಿದಿದ್ದರು. “ಟ್ರೈಲರು ಕಳಚಿಬಿಡಿ. ನಾನು ಲಾರಿಯಲ್ಲಿ ಮುಂದೆ ಹೋಗ್ತೀನಿ.”

ಈಗಲೂ ನೆನಪಿನಲ್ಲಿ ನಾನು ನಿಲ್ಲುವುದು ಆ ಮೋರಿಯ ಹತ್ತಿರವೇ. ಅವರು ಹೇಳಿದ್ದನ್ನು ಮಾಡಿದ್ದರೆ ಎಂಟಕ್ಕೆ ಅಲ್ಲಿರುತ್ತಿದ್ದರು. ಆದರೆ ಮೇಜು, ಹಂಡೆ, ಕುದಿಸಿಟ್ಟ ಸಲಕರಣೆ ಎಲ್ಲ ಟ್ರೈಲರಿನಲ್ಲಿ. ನನ್ನ ಬಳಿ ಸ್ಪೇರು ಇತ್ತು, ಹಿಂದಿನ ಶನಿವಾರವೇ ನೋಡಿ ಇಟ್ಟದ್ದು.

“ಇಪ್ಪತ್ತು ನಿಮಿಷ ಕೊಡಿ ಅಮ್ಮಾ. ಸ್ಪೇರು ತಯಾರಿದೆ. ಪೂರ್ತಿ ಗಾಡಿಯೇ ಬರುತ್ತದೆ” ಎಂದೆ.

ಅವರು ಗಡಿಯಾರ ನೋಡಿ, ಆಗಲಿ ಎಂದರು. ನನ್ನ ಮೇಲಿನ ನಂಬಿಕೆಯಿಂದ ಅಂದದ್ದು.

ಜಾಕು ಕೊಟ್ಟು, ಚಕ್ರ ಬಿಚ್ಚಿ, ಸ್ಪೇರು ಹಾಕಲು ಇಪ್ಪತ್ತು ನಿಮಿಷವೇ ಆಯಿತು. ಗಾಳಿ ತುಂಬುತ್ತಿದ್ದಾಗ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತು. ಗಾಳಿ ಬಿಟ್ಟು, ಉಬ್ಬಿದಲ್ಲಿ ಹಗ್ಗ ಸುತ್ತಿ ಮತ್ತೆ ತುಂಬಿದೆ. ಹಗ್ಗದ ಪಕ್ಕದಲ್ಲಿ ಇನ್ನೊಂದು ಎದ್ದಿತು. ಜಾಕು ಇಳಿಸಿದ ಕೂಡಲೇ ಅದೂ ಸೀಳಿಹೋಯಿತು. ಆ ಹೊತ್ತಿಗೆ ಲಾರಿಯ ಪೀಪಾಯಿಯ ಬೆಂಕಿ ಆರಿತ್ತು. ಉರಿಸುತ್ತಿರು ಎಂದು ನಾನು ಡ್ರೈವರಿಗೆ ಹೇಳಿರಲಿಲ್ಲ. ಅವನನ್ನು ಜಾಕಿಗೆ ಕೂರಿಸಿಕೊಂಡಿದ್ದೆ. ಇದ್ದಿಲು ಮತ್ತೆ ಹಾಕಿ, ಗಾಳಿ ಊದುವ ಕೈತಿದಿ ತಿರುಗಿಸಿ, ಗ್ಯಾಸು ಹಿಡಿದು ಇಂಜಿನು ಕೂಗುವ ಹೊತ್ತಿಗೆ ಒಂಬತ್ತೂಮುಕ್ಕಾಲು. ಡಾಕ್ಟರಮ್ಮ ಅರ್ಧ ಗಂಟೆ ಮುಂಚೆಯೇ ಚೀಲ ಹಿಡಿದು ನಡೆದುಬಿಟ್ಟಿದ್ದರು. ಟ್ರೈಲರನ್ನು ಮೋರಿಯ ಬಳಿಯೇ ಕಳಚಿಟ್ಟು ಹೊರಟು, ದಾರಿಯಲ್ಲಿ ಅವರನ್ನು ಹತ್ತಿಸಿಕೊಂಡೆವು. ಅವರು ನನ್ನ ಕಡೆ ನೋಡಲಿಲ್ಲ.

ನಾವು ತಲುಪಿದಾಗ ಹತ್ತೂವರೆ. ಮಗು ಹೊಟ್ಟೆಯಲ್ಲೇ ಹೋಗಿತ್ತು. ತಾಯಿಯನ್ನು ಉಳಿಸಿಕೊಳ್ಳಲು ಡಾಕ್ಟರಮ್ಮನಿಗೆ ಮಧ್ಯಾಹ್ನದವರೆಗೆ ಹಿಡಿಯಿತು, ಮನೆಯ ನೆಲದ ಮೇಲೆ, ಮೇಜಿಲ್ಲದೆ. ನಾನು ಜಗಲಿಯ ಮೇಲೆ ಕೂತಿದ್ದೆ. ಅವಳ ಅತ್ತೆ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. ಬೈಯಲಿಲ್ಲ.

“ನಡುರಾತ್ರೀಲೇ ಗಾಡಿ ಕಟ್ಟಾನ ಅಂದ ನನ್ ಮಗ. ನಾನೇ ತಡುದೆ ಸಾ. ಬಂಡಿಮನೆ ಯಾವತ್ತೂ ಒತ್ತು ತಪ್ಪಿಲ್ಲ ಕಣ್ಲಾ, ಸುಮ್ಕಿರು ಅಂದೆ.”

ಶನಿವಾರ ಹಾಸನಕ್ಕೆ ಬಂದ ಮೇಲೆ ವರದಿ ಬರೆಯಬೇಕಾಯಿತು. ಟೈರು ಯಾಕೆ ಹೋಯಿತು ಎಂಬ ಕಾಲಂ ಇತ್ತು. ಸುಲಿದ ರಬ್ಬರನ್ನು ಮುಂದಿಟ್ಟುಕೊಂಡು ಕೂತೆ. ಕೈಗೆ ಅಂಟುತ್ತಿತ್ತು. ಎಣ್ಣೆಯಿಂದ ಕೆಟ್ಟದ್ದು ಎಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ತಿಳಿಯಲಿಲ್ಲ ಎಂದು ಇಂದು ಬರೆದರೆ ಸುಳ್ಳಾಗುತ್ತದೆ. ನಾನು ಬರೆದದ್ದು ಹೀಗೆ: “ಟೈರುಗಳನ್ನು ಮಾರಿದವರು ಬಹುಕಾಲ ಕೊಬ್ಬರಿ ಮಂಡಿಯಲ್ಲಿ ಇರಿಸಿದ್ದರಿಂದ ಎಣ್ಣೆಯ ಅಂಶ ಸೇರಿ ಕೆಟ್ಟಿವೆ. ಕೊಳ್ಳುವಾಗ ದೋಷ ಹೊರಗೆ ಕಾಣುವಂತಿರಲಿಲ್ಲ.”

ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು.

“ಸ್ಪೇರು ಕೊಬ್ಬರಿ ಮಂಡಿಯಿಂದ ಬಂದದ್ದಲ್ಲವಲ್ಲ?”

“ಅದು ಹಳೆಯದು ಅಮ್ಮಾ.”

“ಈ ಜೋಡಿಗೆ ನೀವು ಬೇರೆ ಏನಾದರೂ ಮಾಡಿದ್ದಿರಾ?”

“ಏನೂ ಇಲ್ಲಮ್ಮ. ಪಟ್ಟಿಯಲ್ಲಿ ಇದ್ದಷ್ಟೇ” ಎಂದೆ.

ಅವರು ರುಜು ಹಾಕಿದರು.

ಪರ್ಮಿಟ್ಟಿನ ಕಚೇರಿಯವರು ಸಾಹುಕಾರರನ್ನು ಹಾಸನಕ್ಕೆ ಮೂರು ಸಲ ಕರೆಸಿ ನಿಲ್ಲಿಸಿದರು. ಕೆಟ್ಟ ಮಾಲು ಆಸ್ಪತ್ರೆಗೆ ದಾಟಿಸಿದವನು, ಮಗುವಿನ ಜೀವ ತೆಗೆದವನು ಎಂದು ಹೊಳೆನರಸೀಪುರದ ಪೇಟೆಯಲ್ಲಿ ಮಾತಾಯಿತು. ಮೂರನೆಯ ಸಲ ಅವರು ನಮ್ಮ ಶೆಡ್ಡಿಗೆ ಬಂದರು. ಕುರ್ಚಿ ಕೊಟ್ಟೆ, ಕೂರಲಿಲ್ಲ. “ಕೊಬ್ರಿ ಅಟ್ಟದ್ಮ್ಯಾಲಿತ್ತು, ಟೈರು ಕೆಳಗ್ಲ ಕೋಣೇಲಿತ್ತು. ನೀವೇ ಕಣ್ಣಾರೆ ನೋಡುದ್ರಲ್ಲ ಸ್ವಾಮಿ” ಎಂದರು. ಕಚೇರಿಗೆ ಹೋದ ಕಾಗದ ನನ್ನ ಕೈಯಲ್ಲಿಲ್ಲ ಎಂದೆ. ಅವರು ಗೋಡೆಯ ಮೇಲಿನ ಪಟ್ಟಿ ನೋಡಿ ಹೊರಟುಹೋದರು. ಮುಂದಿನ ಬುಧವಾರ ಮಂಡಿಯ ಗೇಟಿಗೆ ಬೀಗ ಬಿದ್ದಿತ್ತು. ನಮ್ಮ ಗಾಡಿ ಅಲ್ಲಿಂದ ಮುಂದೆ ಸಂತೆಮಾಳದಲ್ಲಿ ಬಿಸಿಲಿಗೆ ನಿಂತಿತು. ಮಂಡಿಗೆ ಬರುತ್ತಿದ್ದ ಹೆಂಗಸರು ಅಲ್ಲಿಗೆ ಬರಲು ಹಿಂಜರಿದರು.

ಬಲ ಟೈರು ಇನ್ನೂ ಒಡೆದಿರಲಿಲ್ಲ, ಆದರೆ ನಂಬುವ ಹಾಗಿರಲಿಲ್ಲ. ಅರಕಲಗೂಡಿನ ಮರದ ಲಾರಿಯ ಜೋಡಿಯನ್ನೇ ಕಾಡಿ ಬೇಡಿ ಎರವಲು ತಂದೆವು. ಒಂದಕ್ಕೆ ಹತ್ತು ಪದರ, ಒಂದಕ್ಕೆ ಎಂಟು. ಗಾಡಿ ವಾಲುತ್ತಿತ್ತು, ಹಂಡೆ ಚೆಲ್ಲುತ್ತಿತ್ತು. ಯುದ್ಧ ಮುಗಿಯುವವರೆಗೆ ಅದೇ ಜೋಡಿ ನಡೆಯಿತು.

ಕೆಟ್ಟ ಟೈರುಗಳನ್ನು ಅರಕಲಗೂಡಿಗೆ ಒಯ್ದು ಮೆಟ್ಟಿನವನ ಮುಂದೆ ನೆಲದ ಮೇಲಿಟ್ಟು ಹಿಂದೆ ಸರಿದೆ. ಟೈರಿನ ಮೆಟ್ಟಿಗೆ ಆಗ ಬಹಳ ಗಿರಾಕಿ. ಕಾಸೇನೂ ಬೇಡ, ಕೊಯ್ದುಕೋ ಎಂದೆ. ಯಾಕೆ ಕೊಟ್ಟೆನೋ ನನಗೇ ಸರಿಯಾಗಿ ಗೊತ್ತಿಲ್ಲ. ಅವನು ಉಳಿಯಿಂದ ಪಕ್ಕದ ಒಂದು ತುಂಡು ಕೊಯ್ದ. ಬೆಲ್ಲದ ಪಾಕದ ಹಾಗೆ ಉಳಿಗೆ ಅಂಟಿಕೊಂಡು ಬಂತು. ಮೂಗಿನ ಹತ್ತಿರ ಹಿಡಿದ. ಕೊಬ್ಬರಿ ಮಂಡಿಯ ಮಾತು ಅರಕಲಗೂಡಿಗೂ ತಲುಪಿತ್ತು, ಅವನೂ ಕೇಳಿದ್ದ.

“ಇದು ಕೊಬ್ರಿ ವಾಸ್ನೆ ಅಲ್ಲ ಬುದ್ದಿ,” ಎಂದ. “ಒಂಗೆ.”

ಅಷ್ಟೇ. ಜೋರಾಗಿ ಹೇಳಲಿಲ್ಲ, ನಗಲೂ ಇಲ್ಲ. ಹಿಂದೆ ತಾನು ಹೇಳಿದ್ದನ್ನು ನೆನಪಿಸಲೂ ಇಲ್ಲ. ಮೂರು ಟೈರನ್ನೂ ಒಂದೊಂದಾಗಿ ಒತ್ತಿ ನೋಡಿ, “ಮೆಟ್ಟಿಗೂ ಬರಕಿಲ್ಲ, ತಗಂಡೋಗಿ” ಎಂದು ಹೊರಳಿಸಿ ನನ್ನ ಕಡೆಗೆ ಬಿಟ್ಟ. ಒಂದು ಮಾರು ಹಿಂದೆ ಸರಿದ. ಆಮೇಲೆ ತೊಗಲು ನೆನೆಹಾಕುವ ಬಾನಿಯ ಪಕ್ಕದ ಮಡಕೆಯಿಂದ ನೀರು ತೆಗೆದು ಕೈ ತೊಳೆದುಕೊಂಡ.

ಆ ಶನಿವಾರ ಗೋಡೆಯ ಪಟ್ಟಿಯಲ್ಲಿ ಟೈರು ಎಂಬ ಸಾಲನ್ನು ಹೊಡೆದುಹಾಕಿದೆ. ಯಾಕೆ ಸಾ ಎಂದು ಡ್ರೈವರು ಕೇಳಿದ. ಹೊಂಗೆ ಎಣ್ಣೆ ಸಿಗುತ್ತಿಲ್ಲ ಎಂದೆ.